ಬ್ರೇಕಿನ ಮೇಲಿನ ಕುಂಕುಮ

ಮೊನ್ನೆ ಬೆಳಿಗ್ಗೆ ಎದ್ದು ಹಜಾರಕ್ಕೆ ಬಂದರೆ ಮನೆಯೆಲ್ಲ ಆ ವಾಸನೆ. ಬೇಸಿಗೆಯುದ್ದಕ್ಕೂ ತಣ್ಣಗೆ ಬಿದ್ದಿದ್ದ ರೇಡಿಯೇಟರು ವರ್ಷದಲ್ಲಿ ಮೊದಲ ಸಲ ಬಿಸಿಯಾಗುವಾಗ ಅದರ ಸಂದುಗಳಲ್ಲಿ ಕೂತ ಧೂಳು ಸುಟ್ಟು ಬರುವ ವಾಸನೆ. ನಾವಿರುವ ಈ ಹೊರದೇಶದ ಊರು ವೆಸ್ಟೆರಾಸಿನಲ್ಲಿ ಚಳಿಗಾಲ ಬಂತೆಂದು ನಾನು ನಂಬುವುದು ಇದನ್ನು ಮೂಸಿದ ಮೇಲೆಯೇ. ಮಗಳು ಮೂಗು ಹಿಡಿದುಕೊಂಡು "ಉಶ್, ಪಪ್ಪಾ" ಎಂದು ಕಿಟಕಿ ತೆಗೆಯಲು ಹೋದಳು. ನಾನು ಬೇಡವೆಂದು ತಡೆದು, ಕಿಟಕಿಯ ಕೆಳಗಿನ ರೇಡಿಯೇಟರಿನ ಮೇಲೆ ಅಂಗೈ ಇಟ್ಟು ನಿಂತೆ.

ಹೀಗೇ ಅಂಗೈ ಇಟ್ಟು "ಇದು ನೀನು ತಂದ ಲೋಡು" ಎನ್ನುವವರೊಬ್ಬರು ಇದ್ದರು. ನಾನು ನೋಡಲು ಹೋದಾಗಲೆಲ್ಲ ಹೇಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯುತ್ತಿರಲಿಲ್ಲ.

ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ಹೆಂಡತಿಗೆ ಇಲ್ಲಿನ ವಿದ್ಯುತ್ ಉಪಕರಣಗಳ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ನಾನು ಅವಳ ಹಿಂದೆ ಸೂಟ್‌ಕೇಸು ಎಳೆದುಕೊಂಡು ಬಂದ ಗಂಡ. ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಆ ಅನುಭವದ ಕಾಗದಗಳನ್ನು ಇಲ್ಲಿ ಎಲ್ಲರೂ ವಿನಯದಿಂದ ನೋಡಿ, ಅಷ್ಟೇ ವಿನಯದಿಂದ ವಾಪಸು ಕೊಟ್ಟರು. ಕೊನೆಗೆ ಭಾಷೆ ಕಲಿತು, ಭಾರಿ ವಾಹನದ ಲೈಸೆನ್ಸು ಮಾಡಿಸಿ, ಒಂದು ಸಣ್ಣ ಲಾರಿ ಕಂಪನಿ ಸೇರಿದೆ. ನನ್ನ ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಮಗ ಸ್ಟೀರಿಂಗ್ ಹಿಡಿಯಬಾರದು ಎಂದೇ ಓವರ್‌ಟೈಮ್ ಮಾಡಿ ಓದಿಸಿದ್ದರು. ಅವರಿಗೆ ಫೋನಿನಲ್ಲಿ "ಲಾಜಿಸ್ಟಿಕ್ಸ್‌ನಲ್ಲಿದೀನಪ್ಪ" ಎಂದೆ. ಇಲ್ಲಿನ ಕನ್ನಡದವರು ಯುಗಾದಿಗೋ ಗಣೇಶನ ಹಬ್ಬಕ್ಕೋ ಸೇರಿ "ಈಗ ಏನ್ ಮಾಡ್ತಿದೀರಾ ಸರ್?" ಎಂದಾಗಲೂ ಅದೇ ಉತ್ತರ. ಹೆಂಡತಿ ಪಕ್ಕದಲ್ಲಿ ಚಿತ್ರಾನ್ನದಲ್ಲಿನ ಕಡಲೆಬೀಜ ಎಣಿಸುವವಳಂತೆ ತಟ್ಟೆ ನೋಡುತ್ತಿದ್ದಳು.

ನಮ್ಮದು ಮರದ ಚಕ್ಕೆ ಸಾಗಿಸುವ ಲಾರಿ. ಕಾಡಿನಲ್ಲಿ ಮರ ಕಡಿದ ಮೇಲೆ ಉಳಿಯುವ ಕೊಂಬೆ, ತುದಿ, ತೊಗಟೆಗಳನ್ನು ಯಂತ್ರಕ್ಕೆ ಕೊಟ್ಟು ಚೂರು ಮಾಡುತ್ತಾರೆ. ಅದನ್ನು ತುಂಬಿಸಿಕೊಂಡು ಊರಂಚಿನ ಸ್ಥಾವರಕ್ಕೆ ತಂದು ಸುರಿಯಬೇಕು. ಅಲ್ಲಿ ಅದು ಉರಿದು, ಕಾದ ನೀರು ನೆಲದಡಿಯ ಕೊಳವೆಗಳಲ್ಲಿ ಹರಿದು ಊರಿನ ಮನೆಮನೆಯ ರೇಡಿಯೇಟರಿಗೆ ಬರುತ್ತದೆ. ಲಾರಿಗೆ ಇಬ್ಬರು ಚಾಲಕರು. ಬೆಳಗಿನ ಪಾಳಿ ನಾನು ಆಗಲೇ ಹೇಳಿದ ಆ ಹಿರಿಯರದು, ಮಧ್ಯಾಹ್ನದ್ದು ನನ್ನದು.

ಅವರಿಗೆ ಅರವತ್ತು ದಾಟಿತ್ತು. ಎತ್ತರದ ಆಳು, ಅಗಲ ಭುಜ, ಕೆಂಪು ಕಿವಿ. ಇಲ್ಲಿ ಮಾಲೀಕರನ್ನೂ ಮುದುಕರನ್ನೂ ಹೆಸರು ಹಿಡಿದು ಕರೆಯುವುದೇ ಪದ್ಧತಿ. ಅಪ್ಪನ ವಯಸ್ಸಿನವರನ್ನು ಹಾಗೆ ಕರೆಯಲು ನನಗೆ ನಾಲಿಗೆ ಹೊರಳಲಿಲ್ಲ. ಮೊದಲ ವಾರ ಏನೂ ಕರೆಯದೆ, ಕೆಮ್ಮಿ ಗಮನ ಸೆಳೆದು ಕಾಲ ಹಾಕಿದೆ. ಆಮೇಲೆ ಭಾಷಾ ತರಗತಿಯಲ್ಲಿ ಕಲಿತಿದ್ದ "ಫಾರ್‌ಬ್ರೋರ್" ಎಂಬ ಪದ ನೆನಪಾಯಿತು. ಅಂದರೆ ಅಪ್ಪನ ಒಡಹುಟ್ಟಿದವನು, ದೊಡ್ಡಪ್ಪನೋ ಚಿಕ್ಕಪ್ಪನೋ. ಹಾಗೆ ಕರೆದ ದಿನ ಫಿಕಾ ಎಂಬ ಕಾಫಿ ಬಿಡುವಿನ ಕೋಣೆಯಲ್ಲಿ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ದೊಡ್ಡವರು ದೊಡ್ಡವರನ್ನು ಹಾಗೆ ಕರೆಯುವುದಿಲ್ಲವಂತೆ. ಅವರು ಮಾತ್ರ ನಗಲಿಲ್ಲ. "ನನಗೆ ತಮ್ಮನೂ ಇರಲಿಲ್ಲ, ಅಣ್ಣನೂ ಇರಲಿಲ್ಲ. ಇದು ಚೆನ್ನಾಗಿದೆ, ಇರಲಿ" ಎಂದರು. ಅಂದಿನಿಂದ ಅವರು ನನಗೆ ಫಾರ್‌ಬ್ರೋರ್.

ಮಾತು ಕಡಿಮೆ. ಗಾಡಿ ಕೈಬದಲಾಗುವ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲಿಸಿ, ಹಿಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು, "ಇಂದು ಮೂರನೇ ದಿಬ್ಬ ಕೆಸರು" ಎಂಬಂಥ ಒಂದು ವಾಕ್ಯ ಹೇಳಿ ಹೊರಡುತ್ತಿದ್ದರು. ಆದರೆ ಕ್ಯಾಬಿನಿನಲ್ಲಿ ನನಗೆಂದು ಅರ್ಧ ಫ್ಲಾಸ್ಕು ಕಾಫಿ ಬಿಟ್ಟಿರುತ್ತಿದ್ದರು. ನಾನು ಸಂಜೆ ಗಾಡಿ ನಿಲ್ಲಿಸುವಾಗ ಮರುದಿನಕ್ಕೆ ಚಕ್ಕುಲಿಯೋ ಕೋಡುಬಳೆಯೋ ಕಾಗದದಲ್ಲಿ ಸುತ್ತಿಟ್ಟು ಬರುತ್ತಿದ್ದೆ. ಅದು ಖಾರವಾಯಿತೆಂದು ಅವರು ಹೇಳಿದವರಲ್ಲ, ಕಾಗದ ಮಾತ್ರ ಖಾಲಿಯಾಗಿರುತ್ತಿತ್ತು. ಅವರು ಗಾಡಿ ನಿಲ್ಲಿಸುವಾಗ ಒಂದು ವಿಚಿತ್ರವಿತ್ತು. ಕೊನೆಗೆ ಇಡೀ ಗಾಡಿ ಒಮ್ಮೆ ಜಗ್ಗಿ, ಮುಗ್ಗರಿಸಿ, ತೂಗಾಡಿ ನಿಲ್ಲುತ್ತಿತ್ತು. ಇಷ್ಟು ವರ್ಷ ಓಡಿಸಿದವರು ಹೀಗೇಕೆ ನಿಲ್ಲಿಸುತ್ತಾರೆ ಎಂದು ಅನ್ನಿಸುತ್ತಿತ್ತು. ಕೇಳುವಷ್ಟು ಸಲುಗೆ ನನ್ನದಲ್ಲ.

ಟೈರಿನ ವಿಷಯ ಎದ್ದದ್ದು ಸೆಪ್ಟೆಂಬರಿನಲ್ಲಿ. ನಮ್ಮ ಲಾರಿಯ ಹಿಂದಿನ ಎರಡು ಆಕ್ಸಲ್‌ಗಳಿಗೆ ಎಂಜಿನ್ನಿನ ಶಕ್ತಿ ಹೋಗುತ್ತದೆ, ಗಾಡಿಯನ್ನು ಎಳೆಯುವುದು ಅವೇ. ಅವುಗಳ ಎಂಟು ಟೈರುಗಳನ್ನು ವಸಂತದಲ್ಲಿ, ನಾನು ಸೇರುವ ಹೊತ್ತಿಗೆ, ಹೊಸದಾಗಿ ಹಾಕಿದ್ದರು. ಬೇಸಿಗೆ ಮುಗಿಯುವುದರಲ್ಲಿ ಎಂಟೂ ಸವೆದು ಬೋಳಾಗುತ್ತ ಬಂದವು. ಮುಂದಿನ ಟೈರುಗಳು ಚೆನ್ನಾಗಿದ್ದವು, ಟ್ರೇಲರಿನವೂ ಚೆನ್ನಾಗಿದ್ದವು. ಗ್ಯಾರೇಜಿನವನು ಗಾಳಿ ನೋಡಿದ, ಸರಿಯಿತ್ತು. ಎರಡು ಆಕ್ಸಲ್‌ಗಳೂ ನೇರ ಕೂತಿವೆಯೇ ಎಂದು ಅಳೆದ, ನೇರವಿದ್ದವು. ಕೆಸರಿನಲ್ಲಿ ಚಕ್ರಗಳು ಒಟ್ಟಿಗೆ ತಿರುಗಲೆಂದು ಹಾಕುವ ಲಾಕು ಬಿಡದೆ ಉಳಿದುಬಿಟ್ಟಿದೆಯೇ ಎಂದು ನೋಡಿದ, ಅದೂ ಇಲ್ಲ. ಟೈರಿನ ಮೇಲೆ ಕೈಯಾಡಿಸಿದರೆ ಒಂದು ಕಡೆಗೆ ನುಣುಪು, ವಾಪಸು ಎಳೆದರೆ ಗರಗಸದ ಹಲ್ಲಿನ ಹಾಗೆ ಚುಚ್ಚುತ್ತಿತ್ತು. ಬ್ರೇಕಿನ ಪ್ಯಾಡು ಬಿಚ್ಚಿ ನೋಡಿ, "ಇವು ಮಾತ್ರ ನಿರೀಕ್ಷೆಗಿಂತ ಚೆನ್ನಾಗಿವೆ. ಅಷ್ಟಾದರೂ ಉಳಿತಾಯ ಮಾಡಿದ್ದೀರಿ" ಎಂದು ನಕ್ಕ. ಆ ಮಾತನ್ನು ಹಿಡಿದು ಯಾರೂ ಮುಂದಕ್ಕೆ ಯೋಚಿಸಲಿಲ್ಲ, ನಾನೂ ಕೂಡ. ಗಾಡಿಯಲ್ಲಿ ದೋಷ ಸಿಗದಿದ್ದರೆ ಉಳಿಯುವುದು ಓಡಿಸುವವನು.

ಶುಕ್ರವಾರದ ಫಿಕಾದಲ್ಲಿ ಮಾಲಕಿ ದಾಲ್ಚಿನ್ನಿಯ ಬನ್ನು ಹಂಚುತ್ತ, "ನಾವೆಲ್ಲರೂ ನಮ್ಮ ನಮ್ಮ ಓಡಿಸುವ ರೀತಿಯ ಬಗ್ಗೆ ಸ್ವಲ್ಪ ಯೋಚಿಸೋಣ" ಎಂದರು. ಅಷ್ಟೇ. ಧ್ವನಿಯಲ್ಲಿ ಸಿಟ್ಟಿಲ್ಲ, ಯಾರ ಹೆಸರೂ ಇಲ್ಲ. ಆದರೆ ಆ ಕೋಣೆಯಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ಅಷ್ಟು ಎಚ್ಚರದಿಂದ ನನ್ನನ್ನು ನೋಡದೆ ಕೂತಾಗಲೇ ಗೊತ್ತಾಯಿತು, ಮಾತು ನನಗೇ ಎಂದು. ಮಾಲಕಿ ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ನಯವಾಗಿಯೇ ವಿವರಿಸಿದರು. ನಾನಿನ್ನೂ ಪ್ರಾಯೋಗಿಕ ಅವಧಿಯಲ್ಲಿದ್ದೆ, ಅದು ಮುಗಿಯುತ್ತ ಬಂದಿತ್ತು, ನನ್ನನ್ನು ಕಾಯಂ ಮಾಡಬೇಕೋ ಬೇಡವೋ ಎಂದು ಅವರು ತೀರ್ಮಾನಿಸಬೇಕಿತ್ತು. ಮುಂದಿನ ವಾರ ನಾನು ಗಾಡಿ ಮುಟ್ಟುವುದು ಬೇಡ, ಸಂಬಳ ಬರುತ್ತದೆ, ಫಾರ್‌ಬ್ರೋರ್ ಒಬ್ಬರೇ ಓಡಿಸಲಿ, ಆಮೇಲೆ ಟೈರು ಅಳೆದು ನೋಡೋಣ ಎಂದರು.

ಅಪ್ಪ ಇಡೀ ಡಿಪೋದಲ್ಲಿ ಟೈರು ಬಾಳಿಸುವುದಕ್ಕೆ ಹೆಸರಾದವರು. "ಗಾಡಿ ನೋಯಬಾರದು ಕಣೋ, ನೀನು ಕೂತಿರೋದು ಅದರ ಬೆನ್ನ ಮೇಲೆ" ಎನ್ನುತ್ತಿದ್ದರು. ಅವರ ಮಗ ಟೈರು ತಿನ್ನುವವನೆಂದು ಅನ್ನಿಸಿಕೊಂಡನಲ್ಲ… ಕೆಲಸ ಹೋಗುವ ಭಯಕ್ಕಿಂತ ಇದೇ ಹೆಚ್ಚು ಚುಚ್ಚಿತು. ಹೆಂಡತಿಗೆ ಹೇಳಲೂ ಬಾಯಿ ಬರಲಿಲ್ಲ. ಡ್ರೈವರ್ ಎಂದು ಹೇಳಿಕೊಳ್ಳಲು ನಾಚಿದವನು, ಈಗ ಒಳ್ಳೆಯ ಡ್ರೈವರ್ ಕೂಡ ಅಲ್ಲವೆಂದು ನಾಚಬೇಕಾಗಿ ಬಂತು. ನನ್ನ ಮೇಲೇ ನನಗೆ ಅನುಮಾನ ಹುಟ್ಟಿತು. ಕಾಲು ಭಾರವೇ, ದಿಬ್ಬದಲ್ಲಿ ಜೋರು ಮಾಡುತ್ತೇನೆಯೇ ಎಂದು ಮನೆಯ ಕುರ್ಚಿಯಲ್ಲಿ ಕೂತು ಬಲಗಾಲು ಒತ್ತಿ ಒತ್ತಿ ನೋಡಿಕೊಂಡೆ.

ಆ ಭಾನುವಾರ ಆಯುಧಪೂಜೆ ಮಾಡೋಣವೆಂದು ನಾನೇ ಹೇಳಿದೆ. ಹಬ್ಬ ವಾರದ ನಡುವೆ ಬಂದಿತ್ತು, ಇಲ್ಲಿ ಹಬ್ಬಗಳೆಲ್ಲ ಭಾನುವಾರಕ್ಕೆ ಸರಿಯುತ್ತವೆ. ಮಾಲಕಿಯನ್ನು ಕೇಳಿಕೊಂಡು ನಮ್ಮ ಕಂಪನಿಯ ಖಾಲಿ ಡಿಪೋಗೆ ಹೋದೆವು. ಲಾರಿ ತೊಳೆದು, ಚಕ್ರಗಳಿಗೆ ಅರಿಶಿನ ಕುಂಕುಮ ಇಟ್ಟು, ಅಂಗಡಿಯಿಂದ ತಂದ ದುಬಾರಿ ನಿಂಬೆಹಣ್ಣುಗಳನ್ನು ಚಕ್ರದ ಕೆಳಗೆ ಇರಿಸಿದೆ. ಸ್ಟೀರಿಂಗಿಗೆ ಇಟ್ಟ ಮೇಲೆ ಬಗ್ಗಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಆಕ್ಸಿಲರೇಟರಿಗೊಂದು ಬೊಟ್ಟು, ಬ್ರೇಕಿಗೊಂದು ಬೊಟ್ಟು ಇಟ್ಟೆ.

"ರೀ, ಏನ್ ಮಾಡ್ತಿದೀರಾ? ಕಾಲಲ್ಲಿ ತುಳಿಯೋ ಜಾಗಕ್ಕೆ ಕುಂಕುಮ ಇಡ್ತಾರಾ ಯಾರಾದ್ರೂ?" ಎಂದಳು ಕೆಳಗೆ ತೆಂಗಿನಕಾಯಿ ಹಿಡಿದು ನಿಂತಿದ್ದ ಹೆಂಡತಿ.

"ತಪ್ಪಾಗ್ತಿರೋದು ಅಲ್ಲೇ ಅಂತೆ ಕಣೇ," ಎಂದೆ. "ನನ್ನ ಕಾಲೇ ಸರಿಯಿಲ್ಲ ಅಂತ ಅನ್ಕೊಂಡಿದಾರೆ."

ಆಗ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಹತ್ತಿ ಬಂದು ತನ್ನ ಕೈಯಿಂದಲೇ ಬ್ರೇಕಿನ ಬೊಟ್ಟಿನ ಸುತ್ತ ಸಣ್ಣದೊಂದು ಅರಿಶಿನದ ಉಂಗುರ ಬರೆದಳು. ತೆಂಗಿನಕಾಯಿಯನ್ನು ಡಿಪೋದ ಕಾಂಕ್ರೀಟಿಗೆ ಒಡೆದಳು. ಸೋಮವಾರ ಗ್ಯಾರೇಜಿನವನು ಚಕ್ರದ ಕೆಳಗೆ ಅಪ್ಪಚ್ಚಿಯಾದ ನಿಂಬೆಹಣ್ಣು ನೋಡಿ, ಯಾರ ಊಟದ ಡಬ್ಬಿ ಬಿತ್ತೆಂದು ಎಲ್ಲರನ್ನೂ ಕೇಳಿದನಂತೆ.

ಆ ವಾರ ಮನೆಯಲ್ಲಿ ಕೂತು ಗೋಡೆ ನೋಡಿದೆ. ಶುಕ್ರವಾರ ಮಧ್ಯಾಹ್ನ ಟೈರು ಅಳೆಯುವಾಗ ನಾನೂ ಇರಲಿ ಎಂದು ಕರೆದರು. ಅಂದು ಬೆಳಿಗ್ಗೆ ವರ್ಷದ ಮೊದಲ ಹಿಮ ಕವಿದಿತ್ತು, ಹುಲ್ಲೆಲ್ಲ ಸಕ್ಕರೆ ಉದುರಿಸಿದ ಹಾಗೆ ಬೆಳ್ಳಗಾಗಿತ್ತು. ಫಾರ್‌ಬ್ರೋರ್ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, ಅದೇ ಜಗ್ಗುವಿಕೆ, ಅದೇ ತೂಗಾಟ, ಇಳಿದು ಕೀಲಿ ಕೊಟ್ಟು, ಗ್ಯಾರೇಜಿನ ತನಕ ನೀನೇ ತೆಗೆದುಕೊಂಡು ಹೋಗು ಎಂದರು. ಅಂದು ಮೆಟ್ಟಿಲು ಇಳಿಯಲು ಅವರಿಗೆ ತುಂಬ ಹೊತ್ತು ಹಿಡಿಯಿತು.

ಹತ್ತಿ ಕೂತು, ರೂಢಿಯಂತೆ ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಕೆಳಗೆ ನೋಡಿದೆ. ಆಕ್ಸಿಲರೇಟರಿನ ಬೊಟ್ಟು ಅಳಿಸಿ ಹೋಗಿತ್ತು, ಗುರುತೂ ಇಲ್ಲ. ಬ್ರೇಕಿನ ಮೇಲಿನ ಬೊಟ್ಟು ಹಾಗೇ ಇತ್ತು. ಕೆಂಪು ಒಂದಿಷ್ಟೂ ಹರಡಿರಲಿಲ್ಲ. ಹೆಂಡತಿ ಬರೆದ ಅರಿಶಿನದ ಉಂಗುರವೂ ಹಾಗೇ ಇತ್ತು. ವಾರವಿಡೀ ಕಾಡಿನ ದಿಬ್ಬ ಹತ್ತಿ ಇಳಿದು, ತುಂಬಿದ ಟ್ರೇಲರ್ ಎಳೆದು ಬಂದ ಗಾಡಿಯದು…

ಗಾಡಿಯನ್ನು ಮೆಲ್ಲಗೆ ಗ್ಯಾರೇಜಿಗೆ ತಂದೆ. ನಿಲ್ಲಿಸುವಾಗ ಬ್ರೇಕಿನ ಮೇಲೆ ಕಾಲು ಇಡಲು ನನಗೂ ಮನಸ್ಸಾಗಲಿಲ್ಲ. ಕೈಬ್ರೇಕು ಎಳೆದೆ. ಇಡೀ ಗಾಡಿ ಜಗ್ಗಿ, ಮುಗ್ಗರಿಸಿ, ತೂಗಾಡಿ ನಿಂತಿತು. ಆ ಜಗ್ಗುವಿಕೆಯಲ್ಲಿ ಎಲ್ಲ ತಿಳಿದುಹೋಯಿತು. ಸ್ಟೀರಿಂಗಿನ ಪಕ್ಕದಲ್ಲಿ ರಿಟಾರ್ಡರ್ ಎಂಬ ಸಣ್ಣ ಹಿಡಿಕೆಯಿರುತ್ತದೆ. ಇಳಿಜಾರಿನಲ್ಲಿ ಬ್ರೇಕು ಕಾಯದಿರಲೆಂದು ಅದನ್ನೆಳೆದರೆ ಗಾಡಿ ತಾನೇ ನಿಧಾನವಾಗುತ್ತದೆ. ನಾವೆಲ್ಲರೂ ಬಳಸುತ್ತೇವೆ. ಆದರೆ ಕಾಲಿನ ಬ್ರೇಕು ಗಾಡಿಗೂ ಟ್ರೇಲರಿಗೂ ಇರುವ ಎಲ್ಲ ಚಕ್ರಗಳನ್ನು ಹಿಡಿದರೆ, ಈ ಹಿಡಿಕೆ ಹಿಡಿಯುವುದು ಎಂಜಿನ್ನಿಗೆ ಸೇರಿದ ಆ ಹಿಂದಿನ ಎಂಟು ಟೈರುಗಳನ್ನು ಮಾತ್ರ. ಇಡೀ ಭಾರವನ್ನು ಅವೇ ತಡೆಯಬೇಕು, ಜಲ್ಲಿಯ ಮೇಲೆ ಕೆರೆಯುತ್ತ ಕೆರೆಯುತ್ತ. ಫಾರ್‌ಬ್ರೋರ್ ಕೈಯಿಂದಲೇ ಗಾಡಿ ನಿಧಾನ ಮಾಡಿ, ಕೊನೆಗೆ ಕೈಬ್ರೇಕಿನಿಂದಲೇ ನಿಲ್ಲಿಸುತ್ತಿದ್ದರು. ಆಕ್ಸಿಲರೇಟರಿಗೆ ಹಿಮ್ಮಡಿ ನೆಲಕ್ಕೂರಿದರೆ ಸಾಕು. ಬ್ರೇಕಿಗಾದರೆ ಕಾಲು ಎತ್ತಬೇಕು.

ತಲೆಯೆತ್ತಿದರೆ ಅವರು ಬಾಗಿಲ ಹತ್ತಿರ ನಿಂತಿದ್ದರು. ನಾನು ಎಲ್ಲಿ ನೋಡುತ್ತಿದ್ದೇನೆಂದು ಅವರಿಗೆ ಗೊತ್ತಿತ್ತು.

"ಆ ಕೆಂಪು ನಿನ್ನ ದೇವರದ್ದು ಅಂತ ತಿಳೀತು," ಎಂದರು. "ಬೂಟುಗಾಲು ಇಡೋಕೆ ಮನಸ್ಸು ಬರಲಿಲ್ಲ."

ಆಕ್ಸಿಲರೇಟರಿನ ಮೇಲೂ ಅದೇ ಕೆಂಪು ಇತ್ತಲ್ಲ ಎಂದು ನಾನು ಕೇಳಬಹುದಿತ್ತು. ದೊಡ್ಡವರು ಕಣ್ಣೆದುರಿಗೆ ಸುಳ್ಳು ಹೇಳಿದಾಗ ಅದನ್ನು ಸುಳ್ಳೆಂದು ಹೇಳುವುದು ನಮ್ಮ ಮನೆಯಲ್ಲಿ ಯಾರಿಗೂ ಬಂದದ್ದಲ್ಲ. "ಥ್ಯಾಂಕ್ಸ್, ಫಾರ್‌ಬ್ರೋರ್" ಎಂದುಬಿಟ್ಟೆ. ಅವರು ತಲೆಯಾಡಿಸಿ, ಲಾರಿಯ ಬದಿ ಹಿಡಿದುಕೊಂಡು ನಡೆದುಹೋದರು. ನಡಿಗೆಯಲ್ಲಿ ಬಲಗಾಲು ಎಳೆಯುತ್ತಿತ್ತು. ಇಷ್ಟು ತಿಂಗಳು ನಾನು ಕಾಫಿ ನೋಡಿದ್ದೆ, ಆ ಕಾಲು ನೋಡಿರಲಿಲ್ಲ.

ಅಳತೆಯಿಂದ ಏನೂ ಬಗೆಹರಿಯಲಿಲ್ಲ. ಕೂದಲೆಳೆಯಷ್ಟು ಸವೆದಿದೆ, ಒಂದು ವಾರದಲ್ಲಿ ಇಂಥವರದೇ ತಪ್ಪೆಂದು ಹೇಳಲಾಗದು ಎಂದ ಗ್ಯಾರೇಜಿನವನು. ಎಲ್ಲರೂ ಫಿಕಾ ಕೋಣೆಗೆ ಬಂದು ಕೂತೆವು. ಮಾಲಕಿ ನನ್ನ ಕಡೆ ತಿರುಗಿ, "ಹಾಗಾದರೆ ನಾನು ಗೊತ್ತಿರುವುದರ ಮೇಲೆಯೇ ತೀರ್ಮಾನ ಮಾಡಬೇಕಾಗುತ್ತದೆ" ಎಂದರು. ಅವರ ಕಣ್ಣಲ್ಲಿ ಮರುಕವಿತ್ತು. ಆ ಮರುಕ ನೋಡಿ ನನ್ನ ಕಥೆ ಮುಗಿಯಿತೆಂದುಕೊಂಡೆ. ಗಾಡಿ ಹತ್ತು ಹೆಜ್ಜೆ ದೂರದಲ್ಲಿತ್ತು. ಬಂದು ಬ್ರೇಕು ನೋಡಿ ಎಂದರೆ ಸಾಕಿತ್ತು, ನಾನು ಉಳಿಯುತ್ತಿದ್ದೆ, ಫಾರ್‌ಬ್ರೋರ್ ಹೋಗುತ್ತಿದ್ದರು. ನಾಲಿಗೆ ತುದಿಯಲ್ಲಿತ್ತು ಆ ಮಾತು. ನಾನು ಬಾಯಿ ತೆರೆಯಲಿದ್ದೆನೋ, ನುಂಗಿಕೊಳ್ಳಲಿದ್ದೆನೋ… ನಿಜವಾಗಿ ನನಗೆ ಇಂದಿಗೂ ಗೊತ್ತಿಲ್ಲ.

ಅಷ್ಟರಲ್ಲಿ ಫಾರ್‌ಬ್ರೋರ್ ಕಾಫಿ ಲೋಟ ಕೆಳಗಿಟ್ಟರು.

"ಹುಡುಗನದ್ದಲ್ಲ. ನನ್ನದು," ಎಂದರು. ಹವಾಮಾನ ಹೇಳುವ ಧ್ವನಿ. "ಸೊಂಟದ ಕೀಲು ಹೋಗಿದೆ. ವಸಂತದಿಂದ ನಾನು ಬ್ರೇಕು ತುಳಿದಿಲ್ಲ, ಕೈಯಲ್ಲೇ ಓಡಿಸ್ತಿದ್ದೀನಿ. ಇವತ್ತು ಬೆಳಿಗ್ಗೆ ಕಾಡಿನ ತಿರುವಿನಲ್ಲಿ ನೆಲ ಹೆಪ್ಪುಗಟ್ಟಿತ್ತು. ಹಿಂದಿನ ಚಕ್ರ ಜಾರಿತು, ಟ್ರೇಲರ್ ನೂಕಿತು. ಆಗ ತುಳೀಬೇಕು ಅಂತಲೇ ಇದ್ದೆ. ಕಾಲು ಮೇಲೆ ಬರಲಿಲ್ಲ." ಆಮೇಲೆ ನನ್ನ ಕಡೆ ನೋಡಿದರು. "ನಿನ್ನ ಕೆಂಪಿನ ಬಗ್ಗೆ ಹೇಳಿದ್ದು ಸುಳ್ಳು. ಕ್ಷಮಿಸು."

ಗಾಡಿ ಹೇಗೆ ನಿಂತಿತೆಂದು ಯಾರೋ ಕೇಳಿದಾಗ, ಮರವೊಂದು ಇತ್ತು, ಅದನ್ನು ಮುಟ್ಟುವ ಮೊದಲು ನಿಂತಿತು ಎಂದರು. ಆಗ ನನ್ನ ಕಣ್ಣಲ್ಲಿ ದಳದಳನೆ ನೀರು ಇಳಿಯಿತು. ತಡೆಯಲಾಗಲಿಲ್ಲ, ಮುಖ ಮುಚ್ಚಿಕೊಂಡು ಬಿಕ್ಕಿದೆ. ಇಡೀ ಕೋಣೆಗೆ ದಿಗಿಲಾಯಿತು. ಅಲ್ಲಿ ಯಾರಾದರೂ ಹಾಗೆ ಅಳುವುದನ್ನು ಯಾರೂ ನೋಡಿದವರಲ್ಲ. ಮಾಲಕಿ ಕಾಗದದ ಕರವಸ್ತ್ರ ತಂದರು. ಫಾರ್‌ಬ್ರೋರ್ ಟೇಬಲ್ಲು ಹಿಡಿದು ಎದ್ದು, ಸುತ್ತು ಹಾಕಿ ಬಂದು, ಆ ದೊಡ್ಡ ಕೈಯನ್ನು ನನ್ನ ಬೆನ್ನ ಮೇಲೆ ಇಟ್ಟರು.

"ಅಳಬೇಡ," ಎಂದರು. "ನನಗೋಸ್ಕರ ಅಳಬೇಡ. ಹೇಗೂ ಮುದುಕನಾದೆ."

ಅವರಿಗೋಸ್ಕರವಲ್ಲ! ನಾನು ಅತ್ತದ್ದು ಸಂತೋಷಕ್ಕೆ. ನನ್ನ ತಪ್ಪಲ್ಲ, ನನ್ನ ಕಾಲು ಸರಿಯಿದೆ, ಕೆಲಸ ಉಳಿಯಿತು, ಅಪ್ಪನ ಹೆಸರು ಉಳಿಯಿತು ಎಂಬ ಒಂದೇ ಸಂತೋಷ. ಎದುರಿಗೆ ಒಬ್ಬ ಮನುಷ್ಯ ತಾನು ಬಾಳಿದ ಬದುಕನ್ನು ಕಾಫಿ ಲೋಟದ ಪಕ್ಕದಲ್ಲಿ ಇಟ್ಟು ಕೈತೊಳೆದುಕೊಂಡಿದ್ದ. ಅವರ ಗತಿ ಏನು ಎಂಬ ಯೋಚನೆ ಆ ಗಳಿಗೆಯಲ್ಲಿ ನನ್ನ ತಲೆಯೊಳಗೆ ಸುಳಿಯಲೂ ಇಲ್ಲ. ಅವರ ಕೈ ಬೆನ್ನ ಮೇಲೆ ಬಿದ್ದಾಗ ಅದು ಸುಳಿಯಿತು, ಆಗ ಅಳು ನಿಂತೇಹೋಯಿತು. ನಿಂತದ್ದು ಗೊತ್ತಾಗಬಾರದೆಂದು ಇನ್ನಷ್ಟು ಹೊತ್ತು ಮುಖ ಮುಚ್ಚಿಕೊಂಡೇ ಕೂತಿದ್ದೆ.

ಅವರು ಮತ್ತೆ ಲಾರಿ ಹತ್ತಲಿಲ್ಲ. ಶಸ್ತ್ರಚಿಕಿತ್ಸೆಯ ಸರದಿಗೆ ಕಾದು, ಹೊಸ ಕೀಲು ಹಾಕಿಸಿಕೊಂಡು, ಕೋಲು ಹಿಡಿದು ಓಡಾಡುವಂತಾದರು. ಭಾರಿ ವಾಹನದ ಲೈಸೆನ್ಸನ್ನು ಕೈಯಾರೆ ಬಿಟ್ಟುಕೊಟ್ಟರು. ನಾನು ಕಾಯಂ ಆದೆ. ಬೆಳಗಿನ ಪಾಳಿ ನನಗೆ ಬಂತು, ಅವರ ಸೀಟು, ಅವರ ಫ್ಲಾಸ್ಕಿನ ಜಾಗ. ಹೊಸ ಟೈರುಗಳು ಚೆನ್ನಾಗಿ ಬಾಳಿದವು.

ಆ ವರ್ಷದ ದೀಪಾವಳಿಗೆ ಹೆಂಡತಿ ಅವರನ್ನು ಮನೆಗೆ ಕರೆದಳು. ಕನ್ನಡದವರೆಲ್ಲ ಸೇರಿದ್ದರು. ಶಸ್ತ್ರಚಿಕಿತ್ಸೆ ಇನ್ನೂ ಆಗಿರಲಿಲ್ಲ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡು ಊರುಗೋಲು ಊರಿಕೊಂಡು ಬಂದರು. ಒಬ್ಬರು ಇಂಗ್ಲಿಷಿನಲ್ಲಿ, ನಿಮಗೆ ಇವರು ಹೇಗೆ ಪರಿಚಯ ಎಂದು ಕೇಳಿದರು. "ನನ್ನ ಲಾರಿ ಈಗ ಇವನು ಓಡಿಸ್ತಾನೆ" ಎಂದರು ಫಾರ್‌ಬ್ರೋರ್, ಹೆಮ್ಮೆಯಿಂದ. ಅಷ್ಟು ದಿನ ಕಾಪಾಡಿಕೊಂಡಿದ್ದ ನನ್ನ ಲಾಜಿಸ್ಟಿಕ್ಸು ಅಲ್ಲಿಗೆ ಮುಗಿಯಿತು. ಅದಕ್ಕೆ ನಾಚಿಕೊಳ್ಳಲು ಪುರಸೊತ್ತೇ ಸಿಗಲಿಲ್ಲ, ಯಾಕೆಂದರೆ ಅವರು ಅಲ್ಲಿಗೇ ಬಿಡಲಿಲ್ಲ. ತಾನು ಬ್ರೇಕು ತುಳಿಯದ ಕಥೆ, ಕೆಂಪು ಬೊಟ್ಟಿನ ಕಥೆ ಹೇಳಿ, "ಆವತ್ತು ನನ್ನ ಕೆಲಸ ಹೋಯಿತು ಅಂತ ಆ ಕೋಣೆಯಲ್ಲಿ ಅತ್ತವನು ಇವನೊಬ್ಬನೇ" ಎಂದರು.

"ಎಂಥಾ ಹೃದಯ ಸರ್ ನಿಮ್ದು!" ಎಂದು ಪಕ್ಕದಲ್ಲಿದ್ದವರು ನನ್ನ ಕೈ ಕುಲುಕಿದರು. ಒಬ್ಬ ಹೆಂಗಸಂತೂ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನಾನು ಹೋಳಿಗೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಓಡಿದೆ. ವಿನಯ ನೋಡಿ ಎಂದರು ಯಾರೋ ಹಿಂದಿನಿಂದ.

ಅಂದು ಎಲ್ಲರೂ ಹೋದ ಮೇಲೆ ಹೆಂಡತಿಗೆ ನಿಜ ಹೇಳಿದೆ. ಅವಳು ಪಾತ್ರೆ ಒರೆಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಹೇಳ್ಬೇಕು ಅಂತಿದ್ರೆ ಹೇಳಿ. ಆದ್ರೆ ಹೇಳಿದ್ರೆ ಹಗುರ ಆಗೋದು ನಿಮಗೆ, ಅವರಿಗಲ್ಲ" ಎಂದಳು. ಅದು ಸರಿಯೆನ್ನಿಸಿತು. ಸರಿಯೆನ್ನಿಸಿದ್ದು ನನಗೆ ಅನುಕೂಲವಾಗಿತ್ತೆಂದೋ ಏನೋ.

ಆಮೇಲಿನ ವರ್ಷಗಳಲ್ಲಿ ಅವರ ಮನೆಗೆ ಹೋಗುತ್ತಲೇ ಇದ್ದೆ. ಅವರ ಹೆಂಡತಿ ತೀರಿಕೊಂಡು ಅವರು ಒಂಟಿಯಾಗಿದ್ದರು, ಕಿಟಕಿಯ ಹತ್ತಿರ ಕೂರುತ್ತಿದ್ದರು. ಅಲ್ಲಿಂದ ಸ್ಥಾವರದ ಹೊಗೆ ಕಾಣಿಸುತ್ತಿತ್ತು. ನಾನು ಹೋದ ಕೂಡಲೆ ರೇಡಿಯೇಟರಿನ ಮೇಲೆ ಅಂಗೈ ಇಟ್ಟು, "ಇದು ನೀನು ತಂದ ಲೋಡು" ಎನ್ನುತ್ತಿದ್ದರು. ಚಕ್ಕುಲಿ ತಿನ್ನುತ್ತಿದ್ದರು. ಹೇಳಿಬಿಡೋಣವೆಂದು ಬಾಯಿ ತೆರೆದಾಗಲೆಲ್ಲ ಮೂರನೇ ದಿಬ್ಬ ಈಗ ಹೇಗಿದೆ ಎಂದು ಕೇಳಿಬಿಡುತ್ತಿದ್ದರು… ಇಲ್ಲ, ಅವರ ಮೇಲೆ ಹಾಕುವುದು ಬೇಡ. ನಾನೇ ಹೇಳಲಿಲ್ಲ.

ಅವರು ತೀರಿಕೊಂಡಾಗ ಇಗರ್ಜಿಯಲ್ಲಿ ನಾವು ಕೆಲವರೇ ಇದ್ದೆವು. ಕಾರ್ಲ್‌ಸ್ಟಾಡಿನಿಂದ ಬಂದಿದ್ದ ಅವರ ಮಗಳನ್ನು ನಾನು ನೋಡಿದ್ದು ಅಂದೇ ಮೊದಲು. ಕೈ ಹಿಡಿದು, "ನೀವೇ ಅಲ್ಲವೇ?" ಎಂದಳು. "ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು. ಕೆಲಸದ ಜಾಗದಲ್ಲಿ ನನಗಾಗಿ ಒಬ್ಬ ಅತ್ತ ಅಂತ. ಅಪ್ಪನಿಗಾಗಿ ನಾನು ಕೂಡ ಅತ್ತವಳಲ್ಲ, ನಮ್ಮ ಮನೆಯಲ್ಲಿ ಆ ರೂಢಿಯಿಲ್ಲ." ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಎಲ್ಲರೂ ಸಾಲಾಗಿ ಪೆಟ್ಟಿಗೆಯ ಮೇಲೆ ಒಂದೊಂದು ಹೂವಿಡುತ್ತಿದ್ದರು. ನನ್ನ ಸರದಿ ಬಂದಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅಂದು ಅಳು ಬರಬೇಕಾಗಿತ್ತು. ನಾಚಿಕೆ ಎಷ್ಟಿತ್ತೆಂದರೆ ಒಂದು ಹನಿಯೂ ಬರಲಿಲ್ಲ.

ಮೊನ್ನೆ ರೇಡಿಯೇಟರು ಬಿಸಿಯಾದ ದಿನವೇ ಮಧ್ಯಾಹ್ನ ನಮ್ಮ ಕಾರಿಗೆ ಆಯುಧಪೂಜೆ ಮಾಡಿದೆವು. ಮಗಳು ಈಗ ಕಾರು ಕಲಿಯುತ್ತಿದ್ದಾಳೆ. ಕುಂಕುಮದ ಬಟ್ಟಲು ಹಿಡಿದು ಒಳಗೆ ಬಗ್ಗಿ, ಬ್ರೇಕಿಗೆ ಬೊಟ್ಟಿಡಲು ಬೆರಳು ಚಾಚಿದಳು. "ಅಲ್ಲಿ ಬೇಡ" ಎಂದೆ, ನನಗೇ ಅಚ್ಚರಿಯಾಗುವಷ್ಟು ಜೋರಾಗಿ.

"ವಾರ್‌ಫೋರ್, ಪಪ್ಪಾ? ಯಾಕೆ ಬೇಡ?"

ಯಾಕೆಂದು ಹೇಳಲು ಹೊರಟೆ. ಫಾರ್‌ಬ್ರೋರ್ ಎಂದು ಶುರುಮಾಡುವಷ್ಟರಲ್ಲಿ ಅಳು ಉಕ್ಕಿತು. ಕಾರಿನ ಬಾಗಿಲಿಗೆ ಒರಗಿ ನಿಂತುಬಿಟ್ಟೆ. ಮಗಳು ಗಾಬರಿಯಾಗಿ ಬಟ್ಟಲು ಕೆಳಗಿಟ್ಟು ಬಂದು, ಬೆನ್ನ ಮೇಲೆ ಕೈಯಿಟ್ಟು, ಯಾಕೆ ಅಳ್ತಿದೀಯಾ ಎಂದು ಕೇಳಿದಳು. ಈ ಸಲದ್ದು ಅವರಿಗಾಗಿಯೇ ಇತ್ತು. ಬರಬೇಕಾದ ದಿನ ಬರದೆ, ಇಷ್ಟು ವರ್ಷ ತಡವಾಗಿ, ಅವರು ನೋಡಲಾಗದ ಕಡೆ ಬಂತು.